ಏಳು ವರ್ಷ ಯೂರಿಯಾ ಲಾರಿ ಓಡಿಸಿದ ಮೇಲೆ: ಬಿಎಸ್-3, ಬಿಎಸ್-4 ಎರಡೂ ಇಟ್ಟುಕೊಂಡವನ ಅನುಭವ

ನನ್ನ ಹತ್ತಿರ ಎರಡು ಆರು ಚಕ್ರದ ಲಾರಿ ಇವೆ. ಒಂದು 2012ರದು, ಇನ್ನೊಂದು 2018ರದು. ಎರಡೂ ಬೆಂಗಳೂರು ರಿಜಿಸ್ಟ್ರೇಷನ್. ಎರಡೂ ಯಶವಂತಪುರ ಯಾರ್ಡಿನಿಂದ ಲೋಡ್ ಹಿಡಿಯುತ್ತವೆ. ನಾನು ಹೇಳಬೇಕೆಂದಿರುವುದು ಹೊಸ ಗಾಡಿಯ ಹೊಗೆ ಶುದ್ಧ ಮಾಡುವ ಯೂರಿಯಾ ಸಿಸ್ಟಂ ಬಗ್ಗೆ. ಆದರೆ ಹಳೆಯದರಿಂದ ಶುರು ಮಾಡಲೇಬೇಕು, ಏಕೆಂದರೆ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಎಡವುವುದು ಅಲ್ಲೇ.

2012ರ ಲಾರಿ ತೆಗೆದುಕೊಳ್ಳುವಾಗ ಅದು ಬಿಎಸ್-4 ಎಂದೇ ನಂಬಿದ್ದೆ. ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿಯ ಹೊಗೆಗೆ ಸರ್ಕಾರ ಹಾಕಿರುವ ಮಿತಿ; ನಂಬರ್ ಹೆಚ್ಚಾದಷ್ಟೂ ಮಿತಿ ಬಿಗಿ. ಬೆಂಗಳೂರಿಗೆ 2010ರ ಏಪ್ರಿಲ್‌ನಲ್ಲೇ ಬಿಎಸ್-4 ಬಂದಿತ್ತು ಅಲ್ವಾ? ಬಂದಿತ್ತು. ಆದರೆ ಆಗ ಅದು ಬಂದದ್ದು ದೆಹಲಿ, ಮುಂಬೈ, ಚೆನ್ನೈ, ಬೆಂಗಳೂರಿನಂಥ 13 ನಗರಗಳಿಗೆ ಮಾತ್ರ. ಉಳಿದ ದೇಶಕ್ಕೆಲ್ಲ ಬಿಎಸ್-3. ಅದರಲ್ಲೂ ಅಂತರರಾಜ್ಯ ಪರ್ಮಿಟ್, ನ್ಯಾಷನಲ್ ಪರ್ಮಿಟ್ ಇರುವ ಗಾಡಿಗಳಿಗೆ ಆ ನಗರಗಳಲ್ಲೂ ವಿನಾಯಿತಿ ಇತ್ತು. ನನ್ನದು ನ್ಯಾಷನಲ್ ಪರ್ಮಿಟ್ ಲಾರಿ. ಚಾಸಿ ಕೆಳಗೆ ಬಗ್ಗಿ ನೋಡಿದಾಗ ಗೊತ್ತಾಯಿತು, ಬರೀ ಸೈಲೆನ್ಸರ್. ಯೂರಿಯಾ ಟ್ಯಾಂಕ್ ಇಲ್ಲ, ಸೆನ್ಸರ್ ಇಲ್ಲ.

ವಿನಾಯಿತಿ ಸುಮ್ನೆ ಕೊಟ್ಟದ್ದಲ್ಲ. ಬಿಎಸ್-4 ಡೀಸೆಲ್‌ನಲ್ಲಿ ಗಂಧಕ 50 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 50), ಬಿಎಸ್-3 ಡೀಸೆಲ್‌ನಲ್ಲಿ 350. ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್‌ಗೆ ಗಂಧಕ ಆಗಿಬರುವುದಿಲ್ಲ. ಊರೂರು ಸುತ್ತುವ ಲಾರಿಗೆ ದಾರಿಯಲ್ಲೆಲ್ಲ ಒಳ್ಳೆಯ ಡೀಸೆಲ್ ಎಲ್ಲಿ ಸಿಗಬೇಕಿತ್ತು? 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಬಿಎಸ್-4 ಬಂತು. ಆಮೇಲೆ ತೆಗೆದುಕೊಂಡದ್ದು ನನ್ನ ಎರಡನೇ ಗಾಡಿ.

ಈ ಗಾಡಿಯಲ್ಲಿ ಯೂರಿಯಾ ದ್ರಾವಣ ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಗೆ ಸಿಂಪಡಣೆಯಾಗುತ್ತದೆ. ಅದು ಅಮೋನಿಯಾ ಆಗಿ, ವಿಷದ ನೈಟ್ರೋಜನ್ ಆಕ್ಸೈಡನ್ನು ನೈಟ್ರೋಜನ್ ಮತ್ತು ನೀರಾಗಿ ಒಡೆಯುತ್ತದೆ. ನನ್ನ ಲೆಕ್ಕದಲ್ಲಿ 100 ಲೀಟರ್ ಡೀಸೆಲ್‌ಗೆ ನಾಲ್ಕು ಲೀಟರ್ ಚಿಲ್ಲರೆ ಯೂರಿಯಾ ಬೇಕು. ಖರ್ಚು ಜಾಸ್ತಿ ಅನ್ನಿಸಬಹುದು. ಆದರೆ ಹಳೆಯ ಲಾರಿ ಲೀಟರಿಗೆ ಐದು ಕಿಲೋಮೀಟರ್ ಕೊಟ್ಟರೆ ಇದು ಐದೂವರೆ ಕೊಡುತ್ತದೆ. ಯೂರಿಯಾ ಖರ್ಚು ಅಲ್ಲೇ ಹುಟ್ಟುತ್ತದೆ. ಯಾರ್ಡಿನಲ್ಲಿ ಹಳೆಯ ಗಾಡಿ ರಿವರ್ಸ್ ತೆಗೆದರೆ ಹಮಾಲರು ಟವೆಲ್ ಮೂಗಿಗೆ ಕಟ್ಟಿಕೊಳ್ಳುತ್ತಾರೆ. ಹೊಸದಕ್ಕೆ ಯಾರೂ ಕಟ್ಟಿಕೊಂಡದ್ದು ನೋಡಿಲ್ಲ.

ತೊಂದರೆಯೂ ಅನುಭವಿಸಿದ್ದೇನೆ. ಮೂರನೇ ವರ್ಷ ಮಂಗಳೂರಿನಿಂದ ಹೆಂಚು ತುಂಬಿಕೊಂಡು ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮೀಟರ್ ಬೋರ್ಡಿನಲ್ಲಿ ಲೈಟ್ ಹತ್ತಿತು, ಪಿಕಪ್ ಬಿದ್ದುಹೋಯಿತು. ಮೊದಲ ಗೇರಿನಲ್ಲಿ ತೆವಳಿಕೊಂಡು ಸಕಲೇಶಪುರ ಸೇರುವಷ್ಟರಲ್ಲಿ ರಾತ್ರಿಯಾಗಿತ್ತು. ಮಾರನೇ ದಿನ ಮೆಕ್ಯಾನಿಕ್ ಇಂಜೆಕ್ಟರ್ ಬಿಚ್ಚಿ ತೋರಿಸಿದ. ಒಳಗೆಲ್ಲ ಬಿಳಿ ಉಪ್ಪಿನ ಹಾಗೆ ಕಟ್ಟಿತ್ತು.

"ಅಣ್ಣ, ಇದು ಹೊಲಕ್ಕೆ ಹಾಕೋ ಯೂರಿಯಾನ ನೀರಲ್ಲಿ ಕದಡಿ ಮಾರಿರೋದು" ಎಂದ.

ದಾರಿಬದಿಯಲ್ಲಿ ಅಗ್ಗಕ್ಕೆ ಸಿಕ್ಕ ಕ್ಯಾನ್ ಅದು. ಡ್ರೈವರ್ ಹುಡುಗ ಹಣ ಉಳಿಸೋಣವೆಂದು ಹಾಕಿಸಿದ್ದ, ಅವನನ್ನು ಬೈಯಲು ಮನಸ್ಸಾಗಲಿಲ್ಲ. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆ ಸವರಿರುತ್ತಾರೆ. 2015ರಿಂದ ಅದು ಕಡ್ಡಾಯ. ಲಾರಿಗೆ ಬೇಕಾದದ್ದು 32.5 ಶೇಕಡಾ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಅಂದಿನಿಂದ ಸೀಲ್ ಇರುವ ಬಕೆಟ್ ಬಿಟ್ಟು ಬೇರೆ ಮುಟ್ಟಿಲ್ಲ. ಚಳಿ ದೇಶಗಳಲ್ಲಿ ಈ ದ್ರಾವಣ ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆಂದು ಟ್ಯಾಂಕಿಗೆ ಹೀಟರ್ ಬೇಕು. ನಮಗೆ ಶತ್ರು ಬಿಸಿಲು. ಬಕೆಟ್‌ಗಳನ್ನು ಗೋಡೌನಿನ ನೆರಳಲ್ಲಿಡಿ, ಗಾಡಿಯ ಮೇಲೆ ಕಟ್ಟಿಕೊಂಡು ತಿರುಗಬೇಡಿ.

ಹುಬ್ಬಳ್ಳಿಯಲ್ಲಿರುವ ನಮ್ಮ ಭಾವನ ಲಾರಿಯೂ ಬಿಎಸ್-4, ಆದರೆ ಅದರಲ್ಲಿರುವುದು ಇಜಿಆರ್. ಹೊಗೆಯ ಒಂದು ಪಾಲನ್ನು ತಣ್ಣಗೆ ಮಾಡಿ ಮತ್ತೆ ಎಂಜಿನ್ನಿಗೇ ಕಳಿಸುವ ವ್ಯವಸ್ಥೆ. ಯೂರಿಯಾ ತಲೆನೋವಿಲ್ಲ. ಅದರ ಬದಲು ವಾಲ್ವಿನಲ್ಲಿ ಮಸಿ ಕಟ್ಟುತ್ತದೆ, ಆಯಿಲ್ ಬೇಗ ಕಪ್ಪಾಗುತ್ತದೆ. ಲೋಕಲ್ ಓಡಾಟಕ್ಕೆ ಅದು ಪರವಾಗಿಲ್ಲ. ಲಾಂಗ್ ರೂಟಿಗೆ ನನ್ನ ಮತ ಯೂರಿಯಾಕ್ಕೇ.

ಒಂದು ಮಾತು ಕೈಮುಗಿದು ಕೇಳುತ್ತೇನೆ. ಯೂರಿಯಾ ಇಲ್ಲದೆಯೂ ಗಾಡಿ ಓಡುವಂತೆ ಸಿಸ್ಟಂಗೆ ಮೋಸ ಮಾಡುವ ಬೈಪಾಸ್ ಕಿಟ್ ಹಾಕಿಸಬೇಡಿ. ಘಾಟಿಯ ಘಟನೆ ಆದಾಗ ನನಗೂ ಇಬ್ಬರು ಅದನ್ನೇ ಹೇಳಿದರು. "ಎಮಿಷನ್ ಟೆಸ್ಟ್ ಪಾಸಾಗುತ್ತೆ, ಏನೂ ಆಗಲ್ಲ" ಎಂದರು. ಪಾಸೇನೋ ಆಗುತ್ತದೆ. ಡೀಸೆಲ್ ಗಾಡಿಗೆ ಅಲ್ಲಿ ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ. ಆ ಕಪ್ಪನ್ನು ಅಳೆಯುವ ಎಚ್‌ಎಸ್‌ಯು ಎಂಬ ಅಳತೆಯಲ್ಲಿ ಬಿಎಸ್-3ಕ್ಕೆ ಮಿತಿ 65, ಬಿಎಸ್-4ಕ್ಕೆ 50. ನೈಟ್ರೋಜನ್ ಆಕ್ಸೈಡ್ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಅದನ್ನು ಉಸಿರಾಡುವವರು ಪೀಣ್ಯದ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಮಗು ಕೂರಿಸಿಕೊಂಡು ನಿಂತಿರುತ್ತಾರೆ.

ಹಳೆಯ ಲಾರಿ ಕೊಳ್ಳುವವರು ನಂಬರ್ ಪ್ಲೇಟ್, ವರ್ಷ ನೋಡಿ ತೀರ್ಮಾನಿಸಬೇಡಿ. 2010ರಿಂದ 2017ರ ನಡುವಿನ ಗಾಡಿಯಾದರೆ ಆರ್‌ಸಿಯಲ್ಲಿ ಬಿಎಸ್ ಯಾವುದು ಎಂದು ನೋಡಿ, ಪರ್ಮಿಟ್ ಯಾವುದಿತ್ತು ಕೇಳಿ. ಆಮೇಲೆ ಟಾರ್ಚ್ ಹಿಡಿದು ಚಾಸಿ ಕೆಳಗೆ ಮಲಗಿ. ಯೂರಿಯಾ ಗಾಡಿಯಾದರೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಒಳಗೆ ಧೂಳು ಒಣಗಿ ಕೂತಿದ್ದರೆ ಯಾರೋ ಬೈಪಾಸ್ ಮಾಡಿದ್ದಾರೆ, ಬಿಟ್ಟು ಬನ್ನಿ. ನನ್ನ ಗಾಡಿಗೆ ಒಮ್ಮೆ ಸೆನ್ಸರ್ ಬದಲಾಯಿಸಿದ್ದಾಗಿದೆ, ಮುಂದಿನ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಮುಂಚೆ ಇನ್ನೊಂದನ್ನೂ ಹಾಕಿಸುತ್ತೇನೆ. ಯೂರಿಯಾ ಸಿಸ್ಟಂಗೆ ಐದಕ್ಕೆ ನಾಲ್ಕು ಅಂಕ.