ಭೋಸರಿಯ ತ್ರೀಡಿ ಪ್ರಿಂಟಿಂಗ್ ಅಂಗಡಿಯಲ್ಲಿ ಚಕ್ಕುಲಿ ಒರಳಿನ ಹಿಡಿ

ನಮ್ಮವ್ವನಿಗೆ ಮಣಿಕಟ್ಟು ನೋವು. ಹಿತ್ತಾಳೆ ಚಕ್ಕುಲಿ ಒರಳಿನ ಗಿಡ್ಡ ಹಿಡಿ ತಿರುಗಿಸಲು ಈಗ ಆಗುವುದಿಲ್ಲ. ಅದರ ಮೇಲೆ ಸಿಕ್ಕಿಸುವ ಉದ್ದನೆಯ ಹಿಡಿಯೊಂದನ್ನು ನಾನೇ ಡಿಸೈನ್ ಮಾಡಿದೆ. ಮುಂದೆ ಮಾರುವ ಆಸೆಯೂ ಇದೆ. ಆದರೆ ಮೋಲ್ಡಿಂಗ್‌ನವರು ಡೈಗೇ, ಅಂದರೆ ಪ್ಲಾಸ್ಟಿಕ್ ಎರೆಯುವ ಲೋಹದ ಅಚ್ಚಿಗೇ, ಎರಡೂವರೆ ಲಕ್ಷ ಕೇಳಿದರು. ಡೈ ಕೊರೆಸಿದ ಮೇಲೆ ತಪ್ಪು ಕಂಡರೆ ಏನು ಮಾಡುವುದು?

ಅದಕ್ಕೇ ಮೊದಲ ಹಿಡಿಯನ್ನು ಆನ್‌ಲೈನ್‌ನಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿದೆ. ಫೈಲ್ ಕಳಿಸಿದೆ, ಡಬ್ಬಿ ಬಂತು, ಯಾರೂ ಏನೂ ಕೇಳಲಿಲ್ಲ. ಮೊದಲ ಸಲ ತಿರುಗಿಸುವಾಗಲೇ ಲಟಕ್ಕನೆ ಮುರಿಯಿತು.

ಆ ತುಂಡು ಹಿಡಿದುಕೊಂಡು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಈ ಚಿಕ್ಕ ಅಂಗಡಿಗೆ ಹೋದೆ. ಮಷಿನ್ ನೋಡಿಕೊಳ್ಳುವ ಹುಡುಗ ಬೆಳಗಾವಿಯವನು. ತುಂಡನ್ನು ಬೆಳಕಿಗೆ ಹಿಡಿದು, "ಅಕ್ಕಾರ, ಇದನ್ನ ನಿಲ್ಲಿಸಿ ಪ್ರಿಂಟ್ ಮಾಡ್ಯಾರ. ಪದರ ಬಿಟ್ಟೈತಿ ನೋಡ್ರಿ" ಎಂದ. ಕರಗಿಸಿದ ಪ್ಲಾಸ್ಟಿಕ್ ಎಳೆಯನ್ನು ಪದರದ ಮೇಲೆ ಪದರವಾಗಿ ಹಾಕುತ್ತಾರೆ, ಒಂದೊಂದೂ 0.2 ಮಿಲಿಮೀಟರ್ ದಪ್ಪ. ಎಳೆಯ ಉದ್ದಕ್ಕೆ ಗಟ್ಟಿ, ಪದರಗಳ ನಡುವೆ ಅಷ್ಟು ಗಟ್ಟಿ ಇಲ್ಲ. ಅವನು ಅದೇ ಫೈಲನ್ನು, ಅದೇ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಲ್ಲಿ, ಮಲಗಿಸಿ ಪ್ರಿಂಟ್ ಮಾಡಿದ. 480 ರೂಪಾಯಿ. ಎರಡು ಕೆಜಿ ಹಿಟ್ಟಿನ ಚಕ್ಕುಲಿ ಒತ್ತಿದೆವು, ಹಿಡಿ ಅಲುಗಲಿಲ್ಲ!

ಆಮೇಲೆ ಅವ್ವ ಜಿಡ್ಡು ಹೋಗಲಿ ಅಂತ ಅದನ್ನು ಕುದಿ ನೀರಿಗೆ ಹಾಕಿದಳು. ಪಡುವಲಕಾಯಿ ಹಾಗೆ ಸೊಟ್ಟಗಾಯಿತು. ಪಿಎಲ್‌ಎ 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ಅಡುಗೆಮನೆ ಸಾಮಾನನ್ನು ಎಲ್ಲರೂ ಬಿಸಿನೀರಲ್ಲೇ ತೊಳೆಯುತ್ತಾರೆ ಅಲ್ವಾ? ಡೈಗೆ ಮೊದಲೇ ಇದು ಗೊತ್ತಾಗಿದ್ದು ಒಳ್ಳೆಯದಾಯಿತು.

ಮೂರನೆಯದು ನೈಲಾನ್ ಪುಡಿಯನ್ನು ಲೇಸರ್‌ನಿಂದ ಬೆಸೆದು ಮಾಡಿದ್ದು, 1,900 ರೂಪಾಯಿ. ಬಿಸಿನೀರು ತಡೆಯಿತು. ಮೈ ಸ್ವಲ್ಪ ತರಿತರಿ, ಎಣ್ಣೆ ಕೈಗೂ ಜಾರುವುದಿಲ್ಲ. ಬಿಳಿ ಬೇಡ, ಕಪ್ಪು ಬಣ್ಣ ಹಾಕಿಸಿ. ನಮ್ಮದಕ್ಕೆ ಹತ್ತಿದ ಅರಿಶಿನ ಇನ್ನೂ ಹೋಗಿಲ್ಲ.

ನೈಲಾನ್ ಮಷಿನ್ ಅವರ ಹತ್ತಿರ ಇಲ್ಲ, ಹೊರಗೆ ಮಾಡಿಸುತ್ತಾರೆ. ನಾಲ್ಕು ದಿನ ಅಂದದ್ದು ಒಂಬತ್ತು ದಿನವಾಯಿತು, ನಾನೇ ಫೋನ್ ಮಾಡಿ ಮಾಡಿ ಕೇಳಬೇಕಾಯಿತು. ಇದು ನನಗೆ ಸರಿ ಅನ್ನಿಸಲಿಲ್ಲ.

ಆದರೂ ಅವರ ಮೇಲೆ ನಂಬಿಕೆ ಜಾಸ್ತಿಯಾಗಲು ಒಂದು ಕಾರಣ ಇದೆ. ಚಕ್ಕುಲಿ ಬಿಲ್ಲೆಯನ್ನೂ ಪ್ರಿಂಟ್ ಮಾಡಿಕೊಡಿ ಅಂದಾಗ ಹುಡುಗ ಒಪ್ಪಲಿಲ್ಲ. ಪದರದ ಸಂದಿಯಲ್ಲಿ ಹಿಟ್ಟು ಉಳಿದು ಕೆಡುತ್ತದೆ, ತಿನ್ನುವುದಕ್ಕೆ ತಾಗುವ ಭಾಗಕ್ಕೆ ಹಿತ್ತಾಳೆಯೇ ಇರಲಿ ಎಂದ.

ಈಗ ಹತ್ತು ನೈಲಾನ್ ಹಿಡಿಗೆ ಅಡ್ವಾನ್ಸ್ ಕೊಟ್ಟಿದ್ದೇನೆ. ದೀಪಾವಳಿ ಫರಾಳಕ್ಕೆ, ಅಂದರೆ ಹಬ್ಬದ ತಿಂಡಿ ಮಾಡುವುದಕ್ಕೆ, ಮೊದಲು ಅವನ್ನು ನಮ್ಮ ಸೊಸೈಟಿಯ ಹೆಂಗಸರಿಗೆ ಕೊಡುತ್ತೇನೆ. ಅವರು ಒತ್ತಿ ನೋಡಿ ಹೇಳಿದ ಮೇಲೆ ಡೈ ವಿಚಾರ.