ಹಳೆಯ ಮೋಟಾರು ದೋಣಿಯ ಡೆಕ್‌ಗೆ ಎಪಾಕ್ಸಿ: 8 ವರ್ಷಗಳ ಬಳಕೆಯ ನಂತರ

ಈ ವಿಮರ್ಶೆ ವೆಸ್ಟ್ ಸಿಸ್ಟಮ್ 105 ಎಪಾಕ್ಸಿ ರೆಸಿನ್ ಎಂಬ ಅಂಟುದ್ರವ ಮತ್ತು ಅದನ್ನು ಗಟ್ಟಿಯಾಗಿಸಲು ಬೆರೆಸುವ 206 ನಿಧಾನ ಹಾರ್ಡ್‌ನರ್ ಕುರಿತದ್ದು. ಸುಮಾರು 30 ವರ್ಷ ಹಳೆಯದಾದ, 19 ಅಡಿ ಉದ್ದದ ಫೈಬರ್‌ಗ್ಲಾಸ್ ಮೋಟಾರು ದೋಣಿಯ ಡೆಕ್ಕನ್ನು, ಅಂದರೆ ಕಾಲಿಡುವ ನೆಲವನ್ನು, ಪೂರ್ತಿಯಾಗಿ ಕಿತ್ತು ಹೊಸದಾಗಿ ಕಟ್ಟುವಾಗ ನಾನು ಇದನ್ನು ಬಳಸಿದೆ; ಆ ಕೆಲಸ ಮುಗಿದು ಈಗ 8 ವರ್ಷ ತುಂಬಿದೆ. ಇಂಥ ವಸ್ತುವಿನ ಬಗ್ಗೆ ಡಬ್ಬಿ ತೆರೆದ ವಾರದಲ್ಲೇ ಬರೆಯುವ ಅಭಿಪ್ರಾಯಕ್ಕೆ ಹೆಚ್ಚಿನ ಬೆಲೆಯಿಲ್ಲವೆಂದು ನಾನು ನಂಬಿದ್ದೇನೆ. ಕೆಲಸ ಮುಗಿದ ದಿನ ಯಾವ ರೆಸಿನ್ ಹಾಕಿದ ಡೆಕ್ಕಾದರೂ ಹೊಳೆಯುತ್ತದೆ. ನೀರು ಒಳಗೆ ಇಳಿದಿದೆಯೋ ಇಲ್ಲವೋ ಎಂಬುದು ಗೊತ್ತಾಗಲು ವರ್ಷಗಳೇ ಬೇಕು.

ಹಳೆಯ ಡೆಕ್ ಹೇಗೆ ಹಾಳಾಗಿತ್ತೆಂಬುದನ್ನು ಮೊದಲು ಹೇಳಬೇಕು. ಮೇಲ್ನೋಟಕ್ಕೆ ಅದರಲ್ಲಿ ದೋಷವೇನೂ ಕಾಣುತ್ತಿರಲಿಲ್ಲ. ಹಿಂದಿನ ಸೀಟಿನ ಪಕ್ಕ ಕಾಲಿಟ್ಟಾಗ ಮಾತ್ರ ನೆಲ ತುಸು ಕುಗ್ಗಿದಂತಾಗುತ್ತಿತ್ತು. ಸುತ್ತಿಗೆಯ ಹಿಡಿಯಿಂದ ಗೇಣಿಗೊಮ್ಮೆ ತಟ್ಟುತ್ತ ಬಂದಾಗ ಗಟ್ಟಿ ಇದ್ದಲ್ಲಿ ‘ಟಕ್’ ಎಂಬ ಬಿಗಿಯಾದ ಸದ್ದು, ಕೊಳೆತಲ್ಲಿ ‘ದಬ್’ ಎಂಬ ಮಂಕು ಸದ್ದು ಬರುತ್ತಿತ್ತು. ಮಂಕು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದೆ. ಕೊನೆಗೆ ನಿಂತು ನೋಡಿದರೆ ಗುರುತುಗಳೆಲ್ಲ ಸೀಟಿನ ಸ್ಕ್ರೂಗಳ ಮತ್ತು ಇಂಧನ ಟ್ಯಾಂಕಿನ ಮೇಲಿನ ಮುಚ್ಚಳದ ಸುತ್ತಲೇ ವರ್ತುಲಗಳಾಗಿ ನಿಂತಿದ್ದವು. ಡೆಕ್ಕಿನ ನಡುಭಾಗದಲ್ಲಿ, ತೂತೇ ಇಲ್ಲದ ಕಡೆ, ಫೈಬರ್‌ಗ್ಲಾಸ್ ಪದರಗಳ ನಡುವಿನ ಅದೇ ವಯಸ್ಸಿನ ಅದೇ ಪ್ಲೈವುಡ್ ಇನ್ನೂ ಗಟ್ಟಿಯಾಗಿತ್ತು. ಮರದ ತೇವಾಂಶ ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಆದರೆ ಸ್ಕ್ರೂ ತೂತಿನಿಂದ ಇಳಿದ ನೀರಿಗೆ ಮೇಲೂ ಕೆಳಗೂ ಫೈಬರ್‌ಗ್ಲಾಸ್ ಇದ್ದುದರಿಂದ ಆರಿಹೋಗುವ ದಾರಿ ಇರಲಿಲ್ಲ. ಡೆಕ್ ಕತ್ತರಿಸಿ ಎತ್ತಿದಾಗ ಪ್ಲೈವುಡ್ ಕುಂಬಾಗಿ ಕೈಯಲ್ಲೇ ಪದರ ಪದರವಾಗಿ ಬಿಟ್ಟುಕೊಂಡಿತು. ಅದರ ಕೆಳಗಿನ ಫೋಮ್ ಹಿಂಡಿದರೆ ನೀರು ಬರುವಷ್ಟು ನೆನೆದಿತ್ತು.

ಕತ್ತರಿಸುವ ಕೆಲಸದ ಬಗ್ಗೆ ಎರಡೇ ಮಾತು ಹೇಳುತ್ತೇನೆ. ಗರಗಸದ ಅಲಗಿನ ಆಳವನ್ನು ಡೆಕ್ಕಿನ ದಪ್ಪಕ್ಕೆ ಸರಿಯಾಗಿ ಹೊಂದಿಸದಿದ್ದರೆ ಕೆಳಗಿನ ಸ್ಟ್ರಿಂಗರ್‌ಗಳಿಗೆ (ದೋಣಿಯ ಉದ್ದಕ್ಕೂ ಸಾಗುವ ಆಧಾರದ ತೊಲೆಗಳಿಗೆ) ಗಾಯವಾಗುತ್ತದೆ. ಡೆಕ್ ತೆಗೆಯುವ ಮೊದಲೇ ದೋಣಿಯ ತಳಕ್ಕೆ ಉದ್ದಕ್ಕೂ ಆಧಾರ ಕೊಟ್ಟು ಮಟ್ಟ ನೋಡದಿದ್ದರೆ, ಬಿಗಿ ಕಳೆದುಕೊಂಡ ಒಡಲು ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಆ ಸ್ಥಿತಿಯಲ್ಲಿ ಹೊಸ ಡೆಕ್ ಕೂರಿಸಿದರೆ ಆ ಬಾಗು ಶಾಶ್ವತವಾಗಿ ಉಳಿಯುತ್ತದೆ.

ಆ ದೋಣಿಯನ್ನು ಮೂಲದಲ್ಲಿ ಪಾಲಿಯೆಸ್ಟರ್ ರೆಸಿನ್‌ನಿಂದಲೇ ಕಟ್ಟಿದ್ದರು. ಹಾಗಿರುವಾಗ ದುರಸ್ತಿಗೂ ಅದನ್ನೇ ಏಕೆ ಬಳಸಲಿಲ್ಲವೆಂದು ಹಲವರು ಕೇಳಿದ್ದಾರೆ. ಪಾಲಿಯೆಸ್ಟರ್ ಅಗ್ಗವಾದದ್ದು, ಬೇಗ ಗಟ್ಟಿಯಾಗುತ್ತದೆ, ಅದರ ಮೇಲೆ ಜೆಲ್‌ಕೋಟ್, ಅಂದರೆ ದೋಣಿಯ ಹೊರಮೈಯ ಬಣ್ಣದ ರೆಸಿನ್ ಪದರ, ಚೆನ್ನಾಗಿ ಹಿಡಿಯುತ್ತದೆ. ಅಚ್ಚಿನಲ್ಲಿ ಹೊಸ ದೋಣಿ ಎರಕ ಹೊಯ್ಯುವವರಿಗೆ ಅದು ಸರಿಯಾದ ವಸ್ತು. ಆದರೆ ದುರಸ್ತಿಯಲ್ಲಿ ಹೊಸ ಪದರವು ಎಂದೋ ಗಟ್ಟಿಯಾಗಿ ಹೋದ ಹಳೆಯ ಫೈಬರ್‌ಗ್ಲಾಸ್‌ಗೂ ಬರಿಯ ಮರಕ್ಕೂ ಅಂಟಬೇಕು. ಅಲ್ಲಿ ನಡೆಯುವುದು ರಾಸಾಯನಿಕ ಬೆಸುಗೆಯಲ್ಲ, ಒರಟು ಮಾಡಿದ ಮೇಲ್ಮೈಗೆ ಕಚ್ಚಿಕೊಳ್ಳುವ ಅಂಟುವಿಕೆ. ಈ ಕೆಲಸದಲ್ಲಿ ಎಪಾಕ್ಸಿಯ ಹಿಡಿತ ಪಾಲಿಯೆಸ್ಟರ್‌ಗಿಂತ ಬಹಳ ಮೇಲು. ನನ್ನ ಹಳೆಯ ಡೆಕ್ಕಿನ ಕೊಳೆತ ಭಾಗಗಳಲ್ಲಿ ಫೈಬರ್‌ಗ್ಲಾಸ್ ಪದರವು ಮರದಿಂದ ಹಾಳೆ ಸುಲಿದಂತೆ ಬೇರಾದುದನ್ನು ಕಂಡ ಮೇಲೆ ನನಗೆ ಬೇರೆ ಆಲೋಚನೆಯೇ ಬರಲಿಲ್ಲ. ಆರಿಸಿಕೊಂಡದ್ದಕ್ಕೆ ತೆರಬೇಕಾದ ಬೆಲೆಯೂ ಇದೆ: ಎಪಾಕ್ಸಿಯ ಮೇಲೆ ಸಾಧಾರಣ ಜೆಲ್‌ಕೋಟ್ ನೆಚ್ಚಿಕೊಳ್ಳುವಂತೆ ಹಿಡಿಯುವುದಿಲ್ಲ, ಆದ್ದರಿಂದ ಬಣ್ಣವನ್ನೇ ಬಳಿಯಬೇಕಾಗುತ್ತದೆ.

ಪಾಲಿಯೆಸ್ಟರ್‌ಗೆ ಬೆರೆಸುವ ವೇಗವರ್ಧಕವನ್ನು ಹವೆಗೆ ತಕ್ಕಂತೆ ತುಸು ಹೆಚ್ಚು ಕಡಿಮೆ ಮಾಡಬಹುದು. ಎಪಾಕ್ಸಿಯಲ್ಲಿ ಆ ಸ್ವಾತಂತ್ರ್ಯವಿಲ್ಲ. 105ರ 5 ಪಾಲಿಗೆ 206ರ 1 ಪಾಲು. ಬೇಗ ಗಟ್ಟಿಯಾಗಲೆಂದು ಹಾರ್ಡ್‌ನರ್ ಹೆಚ್ಚಿಸಿದರೆ ಮಿಶ್ರಣ ಬಲಹೀನವಾಗುತ್ತದೆಯೇ ಹೊರತು ಬೇಗ ಗಟ್ಟಿಯಾಗುವುದಿಲ್ಲ. ತಯಾರಕರೇ ಕೊಡುವ ಪಂಪುಗಳಲ್ಲಿ ರೆಸಿನ್ ಒಂದು ಸಲ, ಹಾರ್ಡ್‌ನರ್ ಒಂದು ಸಲ ಒತ್ತಿದರೆ ಅಳತೆ ತಾನಾಗಿ ಕೂಡಿಬರುತ್ತದೆ. ಒಮ್ಮೆ ಪಕ್ಕದವರೊಂದಿಗೆ ಮಾತನಾಡುತ್ತ ನಾನು ಎಣಿಕೆ ತಪ್ಪಿದೆ. ಮೊಣಕೈಯಷ್ಟು ಉದ್ದದ ಜಾಗ ಮೂರನೆಯ ದಿನವೂ ಅಂಟಂಟಾಗಿಯೇ ಉಳಿದು, ಅದನ್ನೆಲ್ಲ ಕೆರೆದು ತೆಗೆಯಬೇಕಾಯಿತು. ಆಮೇಲೆ ಪ್ರತಿ ಒತ್ತಿಗೂ ಹಲಗೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುವ ಅಭ್ಯಾಸ ಮಾಡಿಕೊಂಡೆ. 22 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ 100 ಗ್ರಾಂ ಮಿಶ್ರಣ ಕಪ್ಪಿನಲ್ಲಿ 20ರಿಂದ 25 ನಿಮಿಷ ತಾಳುತ್ತದೆ. ಹೆಚ್ಚು ಬೆರೆಸಿ ಕಪ್ಪಿನಲ್ಲೇ ಬಿಟ್ಟರೆ ತನ್ನ ಶಾಖಕ್ಕೆ ತಾನೇ ಕಾದು ಹೊಗೆಯಾಡುವುದೂ ಉಂಟು. ಬೆರೆಸಿದ ತಕ್ಷಣ ಅಗಲವಾದ ತಟ್ಟೆಗೆ ಸುರಿದುಕೊಂಡರೆ ಶಾಖ ಹರಡಿ ಸಮಯ ಸಿಗುತ್ತದೆ. ಡೆಕ್ಕಿನಂಥ ಅಗಲವಾದ ಕೆಲಸಕ್ಕೆ 205 ವೇಗದ ಹಾರ್ಡ್‌ನರ್‌ಗಿಂತ 206 ಆರಿಸಿದ್ದು ಸರಿಯಾಯಿತೆಂದು ಈಗಲೂ ಅನಿಸುತ್ತದೆ.

ಪ್ಲೈವುಡ್ ವಿಷಯದಲ್ಲಿ ನನಗೊಂದು ಅಸಮಾಧಾನ ಉಳಿದಿದೆ. ಸಾಗರ ದರ್ಜೆಯದೆಂದು ನಂಬಿಸಿ ಮಾರಿದ 12 ಮಿಲಿಮೀಟರ್ ಹಲಗೆಗಳನ್ನು ಕೊಯ್ದಾಗ ಅಂಚಿನಲ್ಲಿ ಬೆರಳ ತುದಿ ಹೊಗುವಷ್ಟು ದೊಡ್ಡ ಟೊಳ್ಳುಗಳು ಕಂಡವು. ಬಿಎಸ್ 1088 ಎಂಬ ಬ್ರಿಟಿಷ್ ಮಾನದಂಡ ಸಾಗರ ಪ್ಲೈವುಡ್ಡಿನ ಒಳಪದರಗಳಲ್ಲಿ ಅಂಥ ಟೊಳ್ಳುಗಳನ್ನು ಒಪ್ಪುವುದಿಲ್ಲ. ಎರಡು ಹಲಗೆಗಳನ್ನು ಹಿಂದಿರುಗಿಸಿ ಬೇರೆ ಕಡೆಯಿಂದ ತಂದೆ. ಕೊಯ್ದು ಅಂಚು ನೋಡುವವರೆಗೆ ಹಲಗೆಯ ಮೇಲಿನ ಮುದ್ರೆಯನ್ನು ನಂಬಬಾರದೆಂಬುದು ಆಗ ನನಗೆ ಮನವರಿಕೆಯಾಯಿತು. ಒಳ್ಳೆಯ ಸಾಗರ ಪ್ಲೈವುಡ್ಡೂ ಕೊಳೆಯದ ಮರವಲ್ಲ. ಅದರ ಅಂಟು ನೀರಿಗೆ ಬಿಡುವುದಿಲ್ಲ, ಅಷ್ಟೆ. ಆದ್ದರಿಂದ ಪ್ರತಿ ಹಲಗೆಯ ಅಡಿಭಾಗಕ್ಕೆ ಎರಡು ಸಲ, ಅಂಚುಗಳಿಗೆ ಮೂರು ಸಲ ಎಪಾಕ್ಸಿ ಬಳಿದೆ. ಬಳಿಯುವ ಹೊತ್ತಿಗೂ ಮಹತ್ವವಿದೆ. ಬೆಳಗಿನ ಏರುಬಿಸಿಲಿನಲ್ಲಿ ಬಳಿದರೆ ಮರದೊಳಗಿನ ಗಾಳಿ ಹಿಗ್ಗಿ ಹೊರಬಂದು ಪದರದ ತುಂಬ ಸೂಜಿಮೊನೆಯಂಥ ಗುಳ್ಳೆಗಳಾಗುತ್ತವೆ. ಸಂಜೆ ತಾಪ ಇಳಿಯುವಾಗ ಬಳಿದರೆ ಅದೇ ಗಾಳಿ ಕುಗ್ಗುತ್ತ ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಮೇಲಿನ ಪದರಕ್ಕೆ 1708 ಎಂಬ ಗಾಜಿನೆಳೆಯ ಬಟ್ಟೆಯನ್ನು ಬಳಸಿದೆ. ಇದರಲ್ಲಿ 45 ಡಿಗ್ರಿ ಓರೆಯಾಗಿ ಎರಡು ದಿಕ್ಕಿಗೆ ಹಾಸಿದ ಎಳೆಗಳ ಅಡಿಗೆ ತುಂಡು ಗಾಜಿನೆಳೆಗಳ ತೆಳುವಾದ ಮ್ಯಾಟ್ ಹೊಲಿದಿರುತ್ತದೆ. ಹೊಲಿದಿರುತ್ತದೆ ಎಂಬ ಮಾತು ಮುಖ್ಯ. ಬಿಡಿಯಾಗಿ ಸಿಗುವ ಸಾಮಾನ್ಯ ಮ್ಯಾಟ್‌ನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಎಂಬ ದ್ರವಕ್ಕೆ ಕರಗುವಂಥದ್ದು. ಎಪಾಕ್ಸಿಯಲ್ಲಿ ಅದು ಕರಗದೆ ಮ್ಯಾಟ್ ಸೆಟೆದುಕೊಂಡು ನಿಲ್ಲುತ್ತದೆ. ಡೆಕ್ ಒಡಲನ್ನು ಸೇರುವ ಮೂಲೆಗಳಲ್ಲಿ 406 ಸಿಲಿಕಾ ಪುಡಿ ಬೆರೆಸಿ, ಗೋಡೆಗೆ ಹಚ್ಚಿದರೂ ಜಾರದೆ ನಿಲ್ಲುವ ಹದಕ್ಕೆ ತಂದ ಎಪಾಕ್ಸಿಯಿಂದ ಮೂಲೆಯನ್ನು ದುಂಡಗೆ ತುಂಬಿದೆ. ಚೂಪು ಮೂಲೆಯಲ್ಲಿ ಬಟ್ಟೆ ಬಾಗದೆ ಅಡಿಯಲ್ಲಿ ಗಾಳಿ ಉಳಿಯುತ್ತದೆ. ಒಣ ಬಟ್ಟೆ ಬೆಳ್ಳಗಿರುತ್ತದೆ, ರೆಸಿನ್ ಕುಡಿದಂತೆ ಪಾರದರ್ಶಕವಾಗಿ ಕೆಳಗಿನ ಮರದ ಎಳೆಗಳು ಕಾಣತೊಡಗುತ್ತವೆ. ಎಲ್ಲಿಯಾದರೂ ಬಿಳಿ ಉಳಿದರೆ ಅಲ್ಲಿ ರೋಲರ್ ಮತ್ತೆ ಹೋಗಬೇಕು. ಸುಮಾರು 5 ಚದರ ಮೀಟರ್ ಡೆಕ್ಕು ಮತ್ತು ಅದರ ಕೆಳಗಿನ ಸ್ಟ್ರಿಂಗರ್‌ಗಳಿಗೆ ಸೇರಿ ನನಗೆ 22 ಲೀಟರ್ ಮಿಶ್ರಣ ಹಿಡಿಯಿತು.

ಗಟ್ಟಿಯಾಗುವಾಗ ಎಪಾಕ್ಸಿಯ ಮೇಲೆ ಮೇಣದಂಥ ತೆಳು ಪದರ ಮೂಡುತ್ತದೆ. ಕಣ್ಣಿಗೆ ಸುಲಭವಾಗಿ ಕಾಣದು, ಬೆರಳಿಗೆ ಜಿಡ್ಡೆನಿಸುತ್ತದೆ. ಅದು ನೀರಿನಲ್ಲಿ ಕರಗುವ ವಸ್ತು. ಒರಟು ಪ್ಯಾಡಿನಿಂದ ಬರಿಯ ನೀರಿನಲ್ಲಿ ಉಜ್ಜಿ ತೊಳೆದ ಮೇಲೆಯೇ ಉಪ್ಪುಕಾಗದ ಹಿಡಿಯಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಕಾಗದಕ್ಕೂ ಗೀರುಗಳಿಗೂ ಮೆತ್ತಿಕೊಳ್ಳುತ್ತದೆ. ಹಿಂಭಾಗದ ಎಡಮೂಲೆಯಲ್ಲಿ ಕತ್ತಲಾಗುತ್ತಿತ್ತೆಂಬ ಕಾರಣಕ್ಕೆ ನಾನು ತೊಳೆಯದೆ ಇನ್ನೊಂದು ಪದರ ಹಾಕಿದ್ದೆ. ಎರಡನೆಯ ವರ್ಷ ಅಲ್ಲಿ ಮಾತ್ರ ಅಂಗೈ ಅಗಲದ ಪದರ ಎದ್ದು ಬಂತು. ಉಳಿದ ಯಾವ ಕಡೆಯೂ ಈವರೆಗೆ ಎದ್ದಿಲ್ಲ.

ಇಡೀ ಕೆಲಸದಲ್ಲಿ ಡೆಕ್ಕಿನ ಆಯುಸ್ಸನ್ನು ನಿರ್ಧರಿಸುವುದು ಸ್ಕ್ರೂ ತೂತುಗಳು ಎಂಬುದು ನನ್ನ ಖಚಿತ ಅಭಿಪ್ರಾಯ. ಸೀಟಿನ ಪ್ರತಿ ಸ್ಕ್ರೂಗೂ ಮೊದಲು ಅದರ ಎರಡು ಪಟ್ಟು ಅಗಲದ ತೂತು ಕೊರೆದು, ಅದರ ಒಳಗೋಡೆಗೆ ತೆಳುವಾದ ಎಪಾಕ್ಸಿ ಕುಡಿಸಿ, ಆಮೇಲೆ ಸಿಲಿಕಾ ಬೆರೆಸಿದ ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ನಂತರ ಅದರ ನಡುವೆ ಸ್ಕ್ರೂ ತೂತು ಕೊರೆಯಬೇಕು. ಆಗ ಸ್ಕ್ರೂ ಸಡಿಲಗೊಂಡು ನೀರು ಇಳಿದರೂ ಅದು ಮುಟ್ಟುವುದು ಎಪಾಕ್ಸಿಯನ್ನು, ಮರವನ್ನಲ್ಲ. 28 ತೂತುಗಳಿಗೆ ಹೀಗೆ ಮಾಡಿದೆ. ಕೊನೆಯಲ್ಲಿ ಸೇರಿಸಿದ ಅಗ್ನಿಶಾಮಕದ ಕೊಂಡಿಗೆ ಬೇಕಾದ 4 ತೂತುಗಳನ್ನು ಮಾತ್ರ ನೇರವಾಗಿ ಕೊರೆದು ಸೀಲಂಟ್ ಹಚ್ಚಿ ಸ್ಕ್ರೂ ಬಿಗಿದೆ. ಮೂರನೆಯ ವರ್ಷದ ತಪಾಸಣೆಯಲ್ಲಿ ಸುತ್ತಿಗೆಯ ಹಿಡಿ ಮಂಕು ಸದ್ದು ಕೊಟ್ಟದ್ದು ಆ ಕೊಂಡಿಯ ಬಳಿ ಮಾತ್ರ. ಬಿಚ್ಚಿ ನೋಡಿದಾಗ 4ರಲ್ಲಿ 2 ತೂತುಗಳ ಸುತ್ತ ಮರ ಕಪ್ಪಾಗಿ ಮೆತ್ತಗಾಗಿತ್ತು. ಹಾಳಾದ ಭಾಗವನ್ನು ಕೆತ್ತಿ ತೆಗೆದು, ವಾರಗಟ್ಟಲೆ ಒಣಗಿಸಿ, ಮೊದಲೇ ಮಾಡಬೇಕಿದ್ದ ಕ್ರಮದಲ್ಲಿ ತುಂಬಿದೆ.

ಎಪಾಕ್ಸಿಗೆ ಬಿಸಿಲು ಆಗಿಬರುವುದಿಲ್ಲ. ನೇರಳಾತೀತ ಕಿರಣಗಳಿಗೆ ಅದು ಹಳದಿಗಟ್ಟಿ, ಕ್ರಮೇಣ ಸುಣ್ಣದ ಪುಡಿಯಂತಾಗುತ್ತದೆ. ಅದಕ್ಕಾಗಿ ಎರಡು ಘಟಕಗಳ ಪಾಲಿಯುರೆಥೇನ್ ಬಣ್ಣವನ್ನು, ಕಾಲು ಜಾರದಂತೆ ಸಣ್ಣ ಹರಳು ಬೆರೆಸಿ, ರೋಲರ್‌ನಿಂದ ಬಳಿದೆ. ಗಾಢ ಬಣ್ಣ ಬೇಡವೆಂದು ಒತ್ತಿ ಹೇಳುತ್ತೇನೆ: ಸಾಧಾರಣ ತಾಪದಲ್ಲಿ ಗಟ್ಟಿಯಾದ ಎಪಾಕ್ಸಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಮೆದುವಾಗತೊಡಗುತ್ತದೆ, ಬಿಸಿಲಿನಲ್ಲಿ ನಿಂತ ಕಪ್ಪು ಡೆಕ್ ಆ ತಾಪವನ್ನು ಸುಲಭವಾಗಿ ಮುಟ್ಟುತ್ತದೆ. ನಾನು ಬಳಿದ ತಿಳಿ ಬೂದು ಬಣ್ಣ ಆರನೆಯ ವರ್ಷ ಓಡಾಡುವ ಜಾಗದಲ್ಲಿ ಸವೆದಿತ್ತು, ಮತ್ತೊಮ್ಮೆ ಬಳಿದೆ.

ಮೈಮೇಲಿನ ಎಚ್ಚರವನ್ನೂ ಹೇಳದಿರಲಾರೆ. ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟುತ್ತದೆ, ಒಮ್ಮೆ ಹುಟ್ಟಿದರೆ ಬಹುಮಟ್ಟಿಗೆ ಜೀವನಪರ್ಯಂತ ಉಳಿಯುತ್ತದೆ. ಕೈಗವಸು ಯಾವಾಗಲೂ ಬೇಕು. ಕೈಗೆ ಅಂಟಿದ್ದನ್ನು ದ್ರಾವಕದಿಂದ ಒರೆಸಬಾರದು, ಅದು ರೆಸಿನ್ನನ್ನು ಚರ್ಮದೊಳಕ್ಕೆ ಒಯ್ಯುತ್ತದೆ. ಹಳೆಯ ಫೈಬರ್‌ಗ್ಲಾಸ್ ಉಜ್ಜುವಾಗ ಬಟ್ಟೆಯ ಮುಖಗವಸು ಸಾಲದು, ಧೂಳು ಸೋಸುವ ಸರಿಯಾದ ಮುಖವಾಡವೇ ಬೇಕು.

ಈ ವರ್ಷ ಚಾಲಕನ ಸೀಟನ್ನು ಅಂಗೈಯಷ್ಟು ಮುಂದಕ್ಕೆ ಸರಿಸಬೇಕಾಗಿ ಬಂದು, ಡೆಕ್ಕಿನಲ್ಲಿ ಹೊಸದಾಗಿ 6 ತೂತು ಕೊರೆಯುವ ಸಂದರ್ಭ ಬಂತು. ಅಗ್ನಿಶಾಮಕದ ಕೊಂಡಿಯ ಜಾಗವನ್ನು ಬಿಟ್ಟರೆ, 8 ವರ್ಷಗಳಲ್ಲಿ ಮೊದಲ ಸಲ ಅದರ ಒಳಗನ್ನು ನೋಡುವ ಅವಕಾಶವದು. ಡ್ರಿಲ್ ಇಳಿದಂತೆ ಮೊದಲು ಬಣ್ಣದ ಬೂದು ಚೂರು, ಆಮೇಲೆ ಫೈಬರ್‌ಗ್ಲಾಸ್‌ನ ಬಿಳಿ ಧೂಳು, ಅದರ ಹಿಂದೆ ಮರದ ಸುರುಳಿಗಳು ಬಂದವು. ಕೈಯಲ್ಲಿ ಹಿಡಿದು ನೋಡಿದೆ: ತಿಳಿಗೆಂಪು ಬಣ್ಣ, ಗರಿಗರಿ ಒಣಗಿದ್ದವು, ಊದಿದರೆ ಹಾರಿಹೋದವು. ಆರೂ ತೂತುಗಳಲ್ಲಿ ಹಾಗೆಯೇ ಇತ್ತು. ಅವುಗಳನ್ನು ಎರಡು ಪಟ್ಟು ಅಗಲಿಸಿ, ಮೊದಲಿನ ಕೆಲಸದಂತೆಯೇ 105 ಮತ್ತು 206ರಿಂದ ತುಂಬಿದ್ದೇನೆ. ನಾಳೆ ಗಟ್ಟಿಯಾದ ಮೇಲೆ ಸೀಟು ಕೂರಿಸುತ್ತೇನೆ.