ಹಳೆ ಪಿಸಿ, ಅದಕ್ಕೊಂದು ಕಾರ್ಡ್, ಇಲ್ಲಾ ಮಿನಿ ಪಿಸಿ: 4ಕೆ ವಿಡಿಯೋ ಎಲ್ಲಿ ಸಲೀಸಾಗಿ ಓಡಿತು?

ಮಗಳು ಸೈಕಲ್ ಕಲಿತ ದಿನ ಫೋನಿನಲ್ಲಿ ವಿಡಿಯೋ ತೆಗೆದಿದ್ದೆ. 4ಕೆ, ಸೆಕೆಂಡಿಗೆ 60 ಫ್ರೇಮ್. ಫೋನಿನಲ್ಲಿ ನೀರು ಹರಿದ ಹಾಗೆ ಓಡುತ್ತಿದ್ದದ್ದು ಕಂಪ್ಯೂಟರಿಗೆ ಹಾಕಿದ ಕೂಡಲೇ ಕುಂಟತೊಡಗಿತು. ದನಿ ಮುಂದೆ, ಚಿತ್ರ ಹಿಂದೆ. ಅಂಗೈ ಅಗಲದ ಫೋನಿಗೆ ಆಗುವ ಕೆಲಸ ಇಷ್ಟು ದೊಡ್ಡ ಡಬ್ಬಕ್ಕೆ ಯಾಕೆ ಆಗುವುದಿಲ್ಲ?

ಉತ್ತರ ಹುಡುಕುತ್ತಾ ಮೂರು ದಾರಿ ನೋಡಿದೆ. ಇದ್ದ ಪಿಸಿಗೇ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹಾಕುವುದು ಒಂದು. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಸೇರಿಸುವುದು ಇನ್ನೊಂದು. ಅದನ್ನು ಬಿಟ್ಟು ಮಿನಿ ಪಿಸಿ ತರುವುದು ಮೂರನೆಯದು. ಎಲ್ಲಕ್ಕೂ ಅವೇ ನಾಲ್ಕು ಪರೀಕ್ಷೆ: ಎಚ್.264 ಅನ್ನುವ ಹಳೆ ವಿಡಿಯೋ ರೂಪದಲ್ಲಿರುವ 1080ಪಿ (ಫುಲ್ ಎಚ್‌ಡಿ) ಫೈಲ್, ಅದಕ್ಕಿಂತ ಹೊಸ ಎಚ್‌ಇವಿಸಿ ರೂಪದಲ್ಲಿರುವ ಫೋನಿನ ವಿಡಿಯೋ, 10 ಬಿಟ್‌ನ (ಬಣ್ಣದ ಹಂತಗಳು ಹೆಚ್ಚಿರುವ) ಎಚ್‌ಇವಿಸಿ 4ಕೆ ಫೈಲ್, ಮತ್ತೆ ಯೂಟ್ಯೂಬಿನ ಒಂದು 4ಕೆ ವಿಡಿಯೋ.

ಪಿಸಿ 2011ರದ್ದು. ನಾಲ್ಕು ಕೋರ್‌ನ ಇಂಟೆಲ್ ಕೋರ್ ಐ5 ಪ್ರೊಸೆಸರ್, ಸ್ಯಾಂಡಿ ಬ್ರಿಡ್ಜ್ ಅನ್ನುವ 2ನೇ ಪೀಳಿಗೆ. "ರ‍್ಯಾಮ್ ಕಮ್ಮಿ ಇದೆ, ಜಾಸ್ತಿ ಮಾಡು" ಅಂತ ಪರಿಚಯದವರೊಬ್ಬರು ಹೇಳಿದರು. 4 ಜಿಬಿಯಿಂದ 16 ಜಿಬಿ ಮಾಡಿದೆ, ಜೊತೆಗೆ ಎಸ್‌ಎಸ್‌ಡಿಯನ್ನೂ ಹಾಕಿದೆ. ಕಂಪ್ಯೂಟರ್ ಬೇಗ ಆನ್ ಆಗತೊಡಗಿತು, ಬ್ರೌಸರ್ ಚುರುಕಾಯಿತು. ವಿಡಿಯೋ ಮಾತ್ರ ಮೊದಲಿನ ಹಾಗೇ ಕುಂಟಿತು. ಆಮೇಲೆ ಲೆಕ್ಕ ಹಾಕಿ ನೋಡಿದೆ. ನನ್ನ ಫೈಲು ನಿಮಿಷಕ್ಕೆ ಸುಮಾರು 400 ಎಂಬಿ, ಅಂದರೆ ಸೆಕೆಂಡಿಗೆ 7 ಎಂಬಿಯೂ ಇಲ್ಲ. ಅಷ್ಟನ್ನು ಹಳೆ ಹಾರ್ಡ್ ಡಿಸ್ಕೇ ಸುಲಭವಾಗಿ ಓದುತ್ತದೆ. ತೊಡಕು ಫೈಲನ್ನು ಓದುವುದರಲ್ಲಿ ಇರಲಿಲ್ಲ, ಬಿಚ್ಚುವುದರಲ್ಲಿತ್ತು.

ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ವಿಡಿಯೋ ಫೈಲ್ ಅಂದರೆ ಬಿಗಿಯಾಗಿ ಮಡಚಿಟ್ಟ ಚಿತ್ರಗಳು. 4ಕೆಯ ಒಂದು ಚಿತ್ರದಲ್ಲಿ 3840 × 2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದೊಂದನ್ನೂ ಬಿಚ್ಚಲು ಸಿಗುವುದು 16.7 ಮಿಲಿಸೆಕೆಂಡ್ ಅಷ್ಟೇ. ಇದಕ್ಕಾಗಿಯೇ ಚಿಪ್‌ನಲ್ಲಿ ಬೇರೆ ಒಂದು ಭಾಗ ಇರುತ್ತದೆ, ಡಿಕೋಡರ್. ಆದರೆ ಅದಕ್ಕೆ ಗೊತ್ತಿರುವುದು ಕೆಲವೇ ಮಡಿಕೆಗಳು. ನನ್ನ ಪಿಸಿಯ ಡಿಕೋಡರ್‌ಗೆ ಎಚ್.264 ಗೊತ್ತು, ಅದು 2003ರದ್ದು. ಎಚ್‌ಇವಿಸಿ ಬಂದದ್ದು 2013ರಲ್ಲಿ, ಈ ಚಿಪ್ ಹುಟ್ಟಿ ಎರಡು ವರ್ಷ ಆದ ಮೇಲೆ. ಹಾಗಾಗಿ ಪೂರ್ತಿ ಭಾರ ನಾಲ್ಕು ಕೋರ್‌ಗಳ ತಲೆ ಮೇಲೆ ಬೀಳುತ್ತಿತ್ತು. ಫೋನಿಗೆ ಎಚ್‌ಇವಿಸಿ ಡಿಕೋಡರ್ ಇದೆ, ಪಿಸಿಗೆ ಇಲ್ಲ. ಇಷ್ಟೇ ವ್ಯತ್ಯಾಸ! ನಿಜ ಹೇಳಬೇಕೆಂದರೆ, ಇದು ತಿಳಿದಾಗ ನನಗೆ ತುಂಬಾ ಸಮಾಧಾನ ಆಯಿತು.

ಹಾಗಂತ ಹಳೆ ಪಿಸಿ ಕೈಲಾಗದ್ದೇನಲ್ಲ. ಎಚ್.264ನ 1080ಪಿ ಒಂದು ಚೂರೂ ತಡವರಿಸಲಿಲ್ಲ. ಎಚ್‌ಇವಿಸಿ ಆದರೂ 1080ಪಿ ಇದ್ದರೆ ಫ್ಯಾನ್ ಜೋರಾಗಿ ತಿರುಗುತ್ತಿತ್ತೇ ಹೊರತು ವಿಡಿಯೋ ಓಡುತ್ತಿತ್ತು. ಫುಲ್ ಎಚ್‌ಡಿ ಸಾಕು ಅನ್ನುವವರು ಸುಮ್ನೆ ದುಡ್ಡು ಸುರಿಯಬೇಕಾಗಿಲ್ಲ.

ಎರಡನೇ ದಾರಿಗೆ ಎಚ್‌ಇವಿಸಿ ಡಿಕೋಡರ್ ಇರುವ, ಎನ್‌ವಿಡಿಯಾದ ಜಿಟಿ 1030 ಗ್ರಾಫಿಕ್ಸ್ ಕಾರ್ಡ್ ತಂದೆ. 2017ರದ್ದು, ಚಿಕ್ಕದು, 30 ವ್ಯಾಟ್ ಮಾತ್ರ ಎಳೆಯುತ್ತದೆ. ಬೇರೆ ಪವರ್ ಕೇಬಲ್ ಬೇಡ, ಹಳೆ ಪವರ್ ಸಪ್ಲೈ ಬದಲಿಸುವ ಗೋಜಿಲ್ಲ. ಹಾಕಿ ವಿಡಿಯೋ ಓಡಿಸಿದರೆ ಮತ್ತೆ ಅದೇ ಕುಂಟು! ನಾನು ಬಳಸುವ ಎಂಪಿವಿ ಪ್ಲೇಯರಿನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್, ಅಂದರೆ ಡಿಕೋಡರ್‌ನಿಂದಲೇ ಬಿಚ್ಚಿಸುವುದು, ತಾನಾಗಿ ಆನ್ ಇರುವುದಿಲ್ಲ. ಕಂಟ್ರೋಲ್ ಮತ್ತು ಎಚ್ ಒತ್ತಿದೆ, ಆ ಕ್ಷಣವೇ ಚಿತ್ರ ನೆಟ್ಟಗಾಯಿತು. ಫೋನಿನ ವಿಡಿಯೋ, 10 ಬಿಟ್ ಫೈಲ್, ಎರಡೂ ಸಲೀಸು. ಪ್ರೊಸೆಸರ್ ಬಹುತೇಕ ಖಾಲಿ ಕೂತಿತ್ತು. ಇನ್ನೊಂದು ಲಾಭವೂ ಆಯಿತು. ಹಳೆ ಪಿಸಿಯ ಎಚ್‌ಡಿಎಂಐ ಕಿಂಡಿಯಿಂದ 4ಕೆ ಹೊರಗೆ ಬರುತ್ತಲೇ ಇರಲಿಲ್ಲ, ಕಾರ್ಡಿನಿಂದ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ, ಬಂತು.

ಎಡವಿದ್ದು ಯೂಟ್ಯೂಬಿನಲ್ಲಿ. ವಿಡಿಯೋ ಬರುತ್ತಿದ್ದದ್ದು ಎವಿ1 ರೂಪದಲ್ಲಿ. ಅದು 2018ರದ್ದು, ಕಾರ್ಡಿಗಿಂತ ಹೊಸದು. ಮತ್ತೆ ಅದೇ ಕಥೆ, ಅಲ್ವಾ? ಬ್ರೌಸರ್‌ಗೆ ಒಂದು ಎಕ್ಸ್‌ಟೆನ್ಶನ್ ಹಾಕಿ ಎವಿ1 ಅನ್ನು ತಡೆದೆ. ಆಗ ಯೂಟ್ಯೂಬ್ ವಿಪಿ9 ಅನ್ನುವ ಇನ್ನೊಂದು ರೂಪ ಕಳಿಸಿತು, ಅದು ಕಾರ್ಡಿಗೆ ಗೊತ್ತು. ಇಲ್ಲೊಂದು ಎಚ್ಚರಿಕೆ: ವಿಪಿ9 ಅನ್ನೂ ತಡೆದು ಎಚ್.264 ಒಂದನ್ನೇ ಉಳಿಸಿಕೊಂಡರೆ ಯೂಟ್ಯೂಬಿನಲ್ಲಿ 1080ಪಿಗಿಂತ ಮೇಲೆ ಸಿಗುವುದಿಲ್ಲ. ಕಾರ್ಡ್ ಕೊಳ್ಳುವಾಗ ಮೆಮೊರಿಯನ್ನೂ ನೋಡಿ. ಇದೇ ಹೆಸರಿನಲ್ಲಿ ಜಿಡಿಡಿಆರ್5 ಮತ್ತು ಡಿಡಿಆರ್4 ಎರಡು ಬಗೆ ಇವೆ. ಮೊದಲನೆಯದರ ಮೆಮೊರಿ ವೇಗ ಎರಡನೆಯದರ ಹತ್ತಿರ ಹತ್ತಿರ ಮೂರು ಪಟ್ಟು.

ಮೂರನೆಯದು ಇಂಟೆಲ್ ಎನ್100 ಇರುವ ಮಿನಿ ಪಿಸಿ. 2023ರ ಚಿಪ್, 6 ವ್ಯಾಟ್‌ನದ್ದು. ಇಷ್ಟು ಚಿಕ್ಕದರಿಂದ ಏನಾದೀತು ಅನ್ನುವ ಅನುಮಾನ ನನಗೂ ಇತ್ತು. ನಾಲ್ಕೂ ಪರೀಕ್ಷೆ ಪಾಸಾಯಿತು. ಎಚ್‌ಇವಿಸಿ, ವಿಪಿ9, ಎವಿ1 ಎಲ್ಲಕ್ಕೂ ಇದರಲ್ಲಿ ಡಿಕೋಡರ್ ಇದೆ, ಎಕ್ಸ್‌ಟೆನ್ಶನ್ ಬೇಕಾಗಲಿಲ್ಲ. ಸದ್ದೂ ಇಲ್ಲ ಅನ್ನುವಷ್ಟು ಕಡಿಮೆ.

ಆದರೂ ಟಿವಿಗೆ ಸಿಕ್ಕಿಸಿದ ದಿನ ಸೈಕಲ್ ವಿಡಿಯೋ ಯಾಕೋ ತಟಪಟ ಅನ್ನುತ್ತಿತ್ತು. ಡಿಕೋಡರ್ ಆರಾಮಾಗೇ ಇತ್ತು. ಡಿಸ್ಪ್ಲೇ ಸೆಟ್ಟಿಂಗ್ಸ್ ತೆರೆದರೆ 30 ಹರ್ಟ್ಸ್! 60 ಚಿತ್ರಗಳಲ್ಲಿ ಅರ್ಧ ತೆರೆಗೆ ಬರುತ್ತಲೇ ಇರಲಿಲ್ಲ. ಹಳೆ ಕೇಬಲ್ ಬದಲಿಸಿದೆ, ಟಿವಿಯ ಮೆನುವಿನಲ್ಲಿ ಆ ಎಚ್‌ಡಿಎಂಐ ಕಿಂಡಿಗೆ ಹೆಚ್ಚಿನ ವೇಗ ಆನ್ ಮಾಡಿದೆ, ಸರಿಹೋಯಿತು. ಸಿನಿಮಾಗಳದ್ದು ಬೇರೆ ಲೆಕ್ಕ. ಅವು ಸೆಕೆಂಡಿಗೆ 24 ಚಿತ್ರ. 60 ಹರ್ಟ್ಸ್ ತೆರೆಯಲ್ಲಿ ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ ಕಾಣುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವಾಗ ಕಾಣುವ ಸಣ್ಣ ಅದುರು ಇದರಿಂದಲೇ. ತೆರೆಯನ್ನು 24 ಹರ್ಟ್ಸ್‌ಗೆ ಇಳಿಸಿದರೆ ಅದು ಹೋಗುತ್ತದೆ, ಹೊಸ ಹಾರ್ಡ್‌ವೇರ್ ಬೇಕಿಲ್ಲ.

ನನಗೆ ಇಷ್ಟವಾದದ್ದು ಮಿನಿ ಪಿಸಿಯೇ, ಈಗ ಟಿವಿ ಹಿಂದೆ ಇರುವುದೂ ಅದೇ. ಆದರೆ ನಿಮ್ಮ ಹತ್ತಿರ ಗಟ್ಟಿಮುಟ್ಟಾದ ಹಳೆ ಪಿಸಿ ಇದ್ದು, ನೋಡುವುದು ಜಾಸ್ತಿ ನಿಮ್ಮದೇ ಫೈಲುಗಳಾದರೆ ಕಾರ್ಡ್ ಸಾಕು. ಇಂಟೆಲ್‌ನ 7ನೇ ಪೀಳಿಗೆ ಅಥವಾ ಅದರ ನಂತರದ ಚಿಪ್ ಇದ್ದರೆ ಅದೂ ಬೇಡ. 10 ಬಿಟ್ ಎಚ್‌ಇವಿಸಿ ಮತ್ತು ವಿಪಿ9 ಡಿಕೋಡರ್ ಅದರ ಒಳಗೇ ಇರುವ ಗ್ರಾಫಿಕ್ಸ್‌ನಲ್ಲಿ ಇರುತ್ತದೆ. ಎವಿ1 ಬೇಕಾದರೆ 11ನೇ ಪೀಳಿಗೆಯಿಂದ ನೋಡಿ.

ಏನನ್ನೂ ಕೊಳ್ಳುವ ಮೊದಲು ಕುಂಟುವ ಆ ಫೈಲನ್ನು ಎಂಪಿವಿಯಲ್ಲಿ ತೆರೆದು ಐ (i) ಕೀ ಒತ್ತಿ. ಯಾವ ಕೋಡೆಕ್ (ಎಚ್‌ಇವಿಸಿ, ಎವಿ1ನಂಥ ರೂಪ), ಎಷ್ಟು ಫ್ರೇಮ್ ಬಿಟ್ಟುಹೋಗಿವೆ, ಎಲ್ಲ ತೆರೆಯ ಮೇಲೇ ಬರುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ಪುಟ ತೆರೆದು ವಿಡಿಯೋ ಡಿಕೋಡ್ ಗೆರೆಯನ್ನೂ ನೋಡಿ. ವಿಡಿಯೋ ಓಡುವಾಗಲೂ ಅದು ಸೊನ್ನೆಯಲ್ಲೇ ಮಲಗಿದ್ದರೆ ಮೊದಲು ಪ್ಲೇಯರಿನ ಸೆಟ್ಟಿಂಗ್ ಬದಲಿಸಿ ನೋಡಿ.